ಬುಕ್ ಮಾಡಿದ ಎಲೆಕ್ಟ್ರಿಕ್ ಕಾರು ಬರೋ ತನಕ ಏನೇನ್ ಮಾಡ್ಬೇಕು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮಂದಿಗೆ ಸಮಗ್ರ ಮಾರ್ಗದರ್ಶಿ

ಕಾರು ಬುಕ್ ಮಾಡಿದ ದಿನದಿಂದ ಡೆಲಿವರಿ ತನಕ ನಮ್ಮ ಮಂದಿ ಮಾಡೋದು ಒಂದ ಕೆಲಸ, ವಾರಕ್ಕೊಮ್ಮೆ ಶೋರೂಮಿಗೆ ಫೋನ್ ಹಚ್ಚಿ "ಸರ್, ನಮ್ ಗಾಡಿ ಏನಾತ್ರಿ" ಅಂತ ಕೇಳೋದು, ಅವ್ರು "ಮುಂದಿನ ವಾರ ಹೇಳ್ತೀವ್ರಿ" ಅನ್ನೋದು. ಪೆಟ್ರೋಲ್ ಕಾರಿಗೆ ಅಷ್ಟ ಸಾಕು, ಯಾಕಂದ್ರ ಗಾಡಿ ಕೈಗೆ ಬಂದ ದಿನ ಯಾವ ಬಂಕಿಗೆ ಹೋದ್ರೂ ಎಣ್ಣಿ ಸಿಗ್ತೈತಿ. ಎಲೆಕ್ಟ್ರಿಕ್ ಗಾಡಿಗೆ ಬಂಕ್ ಅಂದ್ರ ನಿಮ್ಮ ಮನಿ, ಆ ಬಂಕ್ ತಯಾರ ಮಾಡಾಕ ಹೆಸ್ಕಾಂನವ್ರು ಬೇಕು, ಎಲೆಕ್ಟ್ರಿಷಿಯನ್ ಬೇಕು, ಬಾಡಿಗಿ ಮನಿ ಇದ್ರ ಮಾಲಕರು ಹೂಂ ಅನ್ಬೇಕು, ಅಪಾರ್ಟ್‌ಮೆಂಟ್ ಇದ್ರ ಸಂಘದವ್ರು ಮೀಟಿಂಗ್ ಕರಿಬೇಕು, ಇದೆಲ್ಲಾ ಒಂದ ದಿನದಾಗ ಆಗೋದಲ್ಲ. ಕಾರಿಗಿಂತ ಮೊದಲ ಕರೆಂಟ್ ತಯಾರ ಇರ್ಬೇಕು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ, ಕೆಳಗಿನ ಹೆಜ್ಜಿ ಎಲ್ಲಾ ಅದೇ ಲೆಕ್ಕದಾಗ ಜೋಡಿಸೇನಿ.

ಹೆಜ್ಜೆ 1: ಬುಕ್ ಮಾಡೋಕಿಂತ ಮೊದಲ ನಿಮ್ಮ ಓಡಾಟ ಲೆಕ್ಕಾ ಹಾಕ್ರಿ

ಹುಬ್ಬಳ್ಳಿ-ಧಾರವಾಡ ನಡುವ ಸುಮಾರು 20 ಕಿಲೋಮೀಟರ್. ದಿನಾ ಹೋಗಿ ಬಂದು, ಊರಾಗ ಒಂದೆರಡು ಕೆಲಸ ಮುಗಿಸಿದ್ರ 50 ಕಿಲೋಮೀಟರ್ ಆಗ್ತೈತಿ. ಗದಗಿನಿಂದ ಹುಬ್ಬಳ್ಳಿಗೆ ದಿನಾ ಬರೋರಿಗೆ ಹೋಗಿ ಬರೂದು ಸೇರಿ 120 ಹತ್ರ. ಇವತ್ತಿನ ಸಣ್ಣ ಎಲೆಕ್ಟ್ರಿಕ್ ಕಾರುಗಳೂ ಇಷ್ಟಕ್ಕ ಆರಾಮ ಸಾಕಾಗ್ತಾವ. ಬ್ರೋಶರ್‌ನ್ಯಾಗ ಬರ್ದಿರೋ ರೇಂಜ್ ನೋಡಿ ಮಾತ್ರ ಲೆಕ್ಕಾ ಹಾಕಬ್ಯಾಡ್ರಿ, ಅದು ಟೆಸ್ಟ್ ಲ್ಯಾಬಿನ ನಂಬರು. ಎಸಿ ಹಾಕ್ಕೊಂಡು ಹೈವೇ ಮ್ಯಾಲೆ ಹೋಗೋ ನಮ್ಮಂಥವ್ರಿಗೆ ಅದರ 65-75 ಪರ್ಸೆಂಟ್ ಹಿಡಿಯೋದು ಸೇಫು.

ಎರಡನೇದು ಪಾರ್ಕಿಂಗ್. ರಾತ್ರಿ ಗಾಡಿ ಎಲ್ಲಿ ನಿಲ್ತೈತಿ, ಅಲ್ಲಿಗೆ ನಿಮ್ಮ ಮೀಟರಿನಿಂದ ವೈರ್ ಎಳಿಯಾಕ ಆಗ್ತೈತೋ ಇಲ್ಲೋ? ಹಳೇ ಹುಬ್ಬಳ್ಳಿ ಓಣಿಯೊಳಗ ರಸ್ತೆ ಮ್ಯಾಲ ಗಾಡಿ ನಿಲ್ಸೋರು, ಮೂರನೇ ಮಹಡಿ ಬಾಡಿಗಿ ಮನ್ಯಾಗ ಇದ್ದು ಮಾಲಕರು ಒಪ್ಪದವ್ರು, ಇವ್ರಿಗೆ ನಾನು ಬುಕ್ ಮಾಡ್ರಿ ಅಂತ ಹೇಳಂಗಿಲ್ಲ. ಪಬ್ಲಿಕ್ ಚಾರ್ಜರ್ ನಂಬಿ ಗಾಡಿ ತಗೊಂಡ್ರ ಉಳಿತಾಯದಾಗ ದೊಡ್ಡ ಪಾಲು ಹೊಕ್ಕೈತಿ, ಮ್ಯಾಲೆ ದಿನಾ ಒಂದು ತಾಸು ಅಲ್ಲಿ ಕುಂತು ಕಾಯೋದು.

ಹೆಜ್ಜೆ 2: ಬುಕ್ಕಿಂಗ್ ರಸೀದಿ ಮ್ಯಾಲೆ ಏನ್ ಬರಿಸ್ಕೋಬೇಕು

ಹೊಸಾ ಮಾಡೆಲ್ ಬಂದಾಗ ಸಾಲು ಎಷ್ಟ ದೊಡ್ಡದಾಗ್ತೈತಿ ಅನ್ನೋದಕ್ಕ ಉದಾಹರಣೆ ಬೇಕಂದ್ರ, ಮಹೀಂದ್ರಾ ಬಿಇ 6 ಮತ್ತ ಎಕ್ಸ್‌ಇವಿ 9ಇ ಬುಕ್ಕಿಂಗ್ 2025ರ ಫೆಬ್ರವರಿ 14ಕ್ಕ ತೆರೆದಾಗ ಒಂದ ದಿನದಾಗ 30,179 ಬುಕ್ಕಿಂಗ್ ಬಂದಿದ್ವು. 2024ರ ಅಕ್ಟೋಬರ್‌ನ್ಯಾಗ ಎಂಜಿ ವಿಂಡ್ಸರ್‌ಗೆ ಮೊದಲನೇ 24 ತಾಸಿನ್ಯಾಗ 15,176. 2022ರ ಅಕ್ಟೋಬರ್‌ನ್ಯಾಗ ಬುಕ್ಕಿಂಗ್ ತಗೊಂಡ ಟಾಟಾ ಟಿಯಾಗೋ ಇವಿ ಡೆಲಿವರಿ ಶುರು ಆಗಿದ್ದು 2023ರ ಫೆಬ್ರವರಿಗೆ. ಇನ್ನ ಕಾಯೋದ್ರಾಗ ದೊಡ್ಡ ಪಾಠ ಅಂದ್ರ ಟೆಸ್ಲಾದ್ದು: 2016ರಾಗ ಮಾಡೆಲ್ 3ಕ್ಕ ನಮ್ಮ ದೇಶದವ್ರೂ ಸಾವಿರ ಸಾವಿರ ಡಾಲರ್ ಕೊಟ್ಟು ಹೆಸ್ರು ಬರಿಸಿದ್ರು, ಕಂಪನಿ ಮುಂಬೈಯಾಗ ಶೋರೂಮ್ ತೆರೆದಿದ್ದು 2025ರ ಜುಲೈಕ್ಕ, ಅದೂ ಬ್ಯಾರೇ ಮಾಡೆಲ್ ಇಟ್ಕೊಂಡು.

ಹಂಗಾಗಿ ರಸೀದಿ ಕೈಗೆ ತಗೊಳ್ಳೋಕಿಂತ ಮೊದಲ ನಾಕು ಮಾತು ಲಿಖಿತದಾಗ ಇರ್ಲಿ. ವೇರಿಯಂಟ್, ಬ್ಯಾಟರಿ ಸೈಜ್, ಬಣ್ಣ ಪೂರ್ತಿ ಬರ್ದಿರ್ಬೇಕು, "ಟಾಪ್ ಎಂಡ್" ಅಂತ ಮೊಗಮ್ ಆಗಿ ಬ್ಯಾಡ. ಕ್ಯಾನ್ಸಲ್ ಮಾಡಿದ್ರ ರೊಕ್ಕ ಪೂರ್ತಿ ವಾಪಸ್ ಬರ್ತೈತೋ, ಎಷ್ಟು ದಿನದಾಗ? ಅಂದಾಜು ಡೆಲಿವರಿ ತಿಂಗಳು ಯಾವ್ದು? ಮತ್ತ ಎಲ್ಲಾಕಿಂತ ಮುಖ್ಯ, ರೇಟ್ ಬುಕ್ಕಿಂಗ್ ದಿನದ್ದೋ ಡೆಲಿವರಿ ದಿನದ್ದೋ. ಬಹಳಷ್ಟು ಫಾರ್ಮಿನ್ಯಾಗ ಸಣ್ಣ ಅಕ್ಷರದಾಗ ಡೆಲಿವರಿ ದಿನದ ರೇಟು ಅನ್ವಯ ಅಂತ ಇರ್ತೈತಿ, ನಾಕೈದು ತಿಂಗಳು ಕಾದ ಮ್ಯಾಲೆ 30-40 ಸಾವಿರ ಏರಿದ್ರ ನೀವು ಏನೂ ಮಾತಾಡಂಗಿಲ್ಲ. ಸೇಲ್ಸ್ ಹುಡುಗ ಬಾಯಿಲೆ "ಪ್ರೈಸ್ ಪ್ರೊಟೆಕ್ಷನ್ ಐತ್ರಿ ಅಣ್ಣಾ" ಅಂದ್ರ, "ಹಂಗಾರ ಅದನ್ನ ಮೇಲ್ ಮಾಡಪಾ" ಅನ್ರಿ. ವಾಟ್ಸಾಪ್ ಮೆಸೇಜೂ ಆಗ್ತೈತಿ, ಅಳಿಸದಂಗ ಸ್ಕ್ರೀನ್‌ಶಾಟ್ ಇಟ್ಕೊಳ್ರಿ. ರೊಕ್ಕ ಆದಷ್ಟು ಕಂಪನಿ ವೆಬ್‌ಸೈಟ್ ಮೂಲಕನ ಕಟ್ರಿ, ಕಂಪನಿ ಆರ್ಡರ್ ನಂಬರ್ ಬರ್ತೈತಿ, ಸಾಲಿನ್ಯಾಗ ನಿಮ್ಮ ಜಾಗಕ್ಕ ಅದ ಸಾಕ್ಷಿ.

ಕೊಟ್ಟ ಮಾತು ಪೂರ್ತಿ ತಪ್ಪಿದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಕಂಪ್ಲೇಂಟ್ ಹಾಕ್ರಿ, ಅಲ್ಲೂ ಆಗದಿದ್ರ ಜಿಲ್ಲಾ ಗ್ರಾಹಕರ ಆಯೋಗ ಐತಿ. ಅಲ್ಲಿ ನಿಲ್ಲೋದು ಕಾಗದ, ಬಾಯಿ ಮಾತಲ್ಲ.

ಹೆಜ್ಜೆ 3: ಸಬ್ಸಿಡಿ ವಿಷಯದಾಗ ಯಾವ್ದು ಖರೆ, ಯಾವ್ದು ಹಳೇ ಸುದ್ದಿ

ಎಲೆಕ್ಟ್ರಿಕ್ ವಾಹನಕ್ಕ ಅಂತ ನೀತಿ ತಂದ ಮೊದಲ ರಾಜ್ಯ ನಮ್ದ, 2017ರಾಗ. ಆದ್ರ ಸ್ವಂತಕ್ಕ ಕಾರು ತಗೊಳ್ಳೋರಿಗೆ ಸಿಗೋ ಲಾಭ ಎಲ್ಲಿಂದ ಅಂದ್ರ ತೆರಿಗೆಯಿಂದ, ಖಾತೆಗೆ ಬಂದು ಬೀಳೋ ರೊಕ್ಕದಿಂದ ಅಲ್ಲ.

ಜಿಎಸ್‌ಟಿ 5 ಪರ್ಸೆಂಟ್, 2019ರ ಆಗಸ್ಟ್ 1ರಿಂದ. ಇದು ಎಕ್ಸ್-ಶೋರೂಮ್ ಬೆಲೆಯೊಳಗ ಸೇರೇ ಇರ್ತೈತಿ, ನೀವು ಏನೂ ಅರ್ಜಿ ಹಾಕೋದಿಲ್ಲ. ಚಾರ್ಜರ್‌ಗೂ ಅವತ್ತೇ 18ರಿಂದ 5ಕ್ಕ ಇಳಿಸಿದ್ರು.

ರೋಡ್ ಟ್ಯಾಕ್ಸ್ ಜರಾ ಲಕ್ಷ್ಯ ಕೊಟ್ಟು ಓದ್ರಿ. ಕರ್ನಾಟಕದಾಗ 2016ರಿಂದ ಎಲೆಕ್ಟ್ರಿಕ್ ಗಾಡಿಗೆ ರೋಡ್ ಟ್ಯಾಕ್ಸ್ ಮಾಫ್ ಮಾಡಿದ್ರು, 2024ರಾಗ ಕಾಯ್ದೆ ತಿದ್ದಿ 25 ಲಕ್ಷ ದಾಟಿದ ಗಾಡಿಗೆ 10 ಪರ್ಸೆಂಟ್ ಆಜೀವ ತೆರಿಗೆ ಹಾಕಿದ್ರು. ಪೆಟ್ರೋಲ್ ಕಾರಿಗೆ 10ರಿಂದ 20 ಲಕ್ಷದೊಳಗ 17 ಪರ್ಸೆಂಟ್, ಮ್ಯಾಲೆ ಸೆಸ್, ಹಂಗಾಗಿ ಆ ರಿಯಾಯಿತಿ ಸಣ್ಣದಿರ್ಲಿಲ್ಲ. ಆದ್ರ ಇಂಥಾ ತೆರಿಗೆ ಬಜೆಟ್ ಬಂದಾಗೊಮ್ಮೆ ಬದಲಾಗೋ ಸರಕು, ಮತ್ತ ಲೆಕ್ಕಕ್ಕ ಬರೋದು ನೀವು ಬುಕ್ ಮಾಡಿದ ದಿನ ಅಲ್ಲ, ಗಾಡಿ ರಿಜಿಸ್ಟ್ರೇಶನ್ ಆಗೋ ದಿನ. ಕಾಯೋರಿಗೆ ಇದ ದೊಡ್ಡ ರಿಸ್ಕು. ಕೊಟೇಶನ್ ತಗೊಂಡಾಗ ಆ ದಿನದ ಟ್ಯಾಕ್ಸ್ ಎಷ್ಟು ಅಂತ ಆರ್‌ಟಿಓ ಕಡಿಂದನ ಖಾತ್ರಿ ಮಾಡ್ಕೊಳ್ರಿ, ಡೆಲಿವರಿ ಹದಿನೈದು ದಿನ ಇದ್ದಾಗ ಇನ್ನೊಮ್ಮೆ ಕೇಳ್ರಿ.

ಇನ್ನ ಕೇಂದ್ರದ ಫೇಮ್-2 ಯೋಜನೆ 2024ರ ಮಾರ್ಚಿಗೆ ಮುಗೀತು, ಅದರಾಗೂ ಸ್ವಂತ ಬಳಕೆ ಕಾರಿಗೆ ಸಬ್ಸಿಡಿ ಇರ್ಲಿಲ್ಲ. ಆಮ್ಯಾಲೆ 2024ರ ಅಕ್ಟೋಬರ್‌ನ್ಯಾಗ ಬಂದ ಪಿಎಂ ಇ-ಡ್ರೈವ್ ಮಾಡಿದ್ದು ಟೂ ವೀಲರ್, ತ್ರೀ ವೀಲರ್, ಬಸ್, ಟ್ರಕ್, ಆಂಬುಲೆನ್ಸ್‌ಗೆ. ಕಾರಿಗೆ ಅದರಿಂದ ನೇರ ರೊಕ್ಕ ಇಲ್ಲ, ಆದ್ರ 10,900 ಕೋಟಿಯೊಳಗ 2,000 ಕೋಟಿ ಪಬ್ಲಿಕ್ ಚಾರ್ಜಿಂಗ್‌ಗೆ ಇಟ್ಟಾರ, ಆ ಲಾಭ ನಮಗೂ ಬರ್ತೈತಿ.

"ಸರ್, ಲೋನ್ ಬಡ್ಡಿಗೆ ಒಂದೂವರೆ ಲಕ್ಷ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಐತ್ರಿ" ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಆ 80ಇಇಬಿ ಸೆಕ್ಷನ್ ಅನ್ವಯ ಆಗೋದು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗ ಮಂಜೂರಾದ ಲೋನಿಗೆ ಅಷ್ಟ. ಅದನ್ನ ಎಣಿಸಿ ಇಎಂಐ ಲೆಕ್ಕಾ ಹಾಕಿ ಬುಕ್ ಮಾಡೋರನ್ನ ನೋಡಿದ್ರ ಭಾಳ ಸಂಕಟ ಆಗ್ತೈತಿ.

ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನ್ಯಾಗ ಎಲೆಕ್ಟ್ರಿಕ್‌ಗೆ 15 ಪರ್ಸೆಂಟ್ ಕಡಿಮೆ, ಅದು ಐತಿ.

ಹೆಜ್ಜೆ 4: ಮನಿ ಕರೆಂಟ್ (ಇದನ್ನ ಎರಡು ಸಲ ಓದ್ರಿ)

ಮೊದಲ ಕರೆಂಟ್ ಬಿಲ್ ತಗೀರಿ. ಅದರಾಗ ಆರ್.ಆರ್. ನಂಬರ್ ಇರ್ತೈತಿ, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರ್ತೈತಿ. ನಮ್ಮ ಕಡೆ ಹಳೇ ಮನಿಗೆ 1, 2, 3 ಕಿಲೋವ್ಯಾಟ್ ಇರೋದ ಹೆಚ್ಚು. ಫ್ರಿಜ್, ಗೀಜರ್, ಮಿಕ್ಸರ್ ಅದರಾಗ ಹೆಂಗೋ ನಡದಿರ್ತಾವ, ಯಾಕಂದ್ರ ಎಲ್ಲಾ ಕೂಡಿ ತಾಸುಗಟ್ಟಲೆ ಓಡಂಗಿಲ್ಲ. ಕಾರು ಹಂಗಲ್ಲ, 16 ಆಂಪ್ ಸಾಕೆಟ್‌ನ್ಯಾಗ ಹಚ್ಚಿದ್ರೂ 3 ಕಿಲೋವ್ಯಾಟ್ ಮ್ಯಾಲೆ ಎಂಟು ತಾಸು ಬಿಡದಂಗ ಎಳೀತೈತಿ.

ಈಗ ದೊಡ್ಡ ಪ್ರಶ್ನೆ: ಕಂಪನಿ ಕೊಡೋ 7.2 ಕಿಲೋವ್ಯಾಟ್ ವಾಲ್‌ಬಾಕ್ಸ್ (ಗ್ವಾಡಿಗೆ ಕೂಡಿಸೋ ಚಾರ್ಜರ್) ಹಾಕಿಸ್ಬೇಕೋ, 16 ಆಂಪ್ ಸಾಕೆಟ್ ಸಾಕೋ? ನನ್ನ ಕೇಳಿದ್ರ ಹುಬ್ಬಳ್ಳಿ-ಧಾರವಾಡ ಒಳಗ ಓಡಾಡೋ ಹತ್ತರಾಗ ಎಂಟು ಮಂದಿಗೆ ಸಾಕೆಟ್ ಸಾಕು. ರಾತ್ರಿ ಹತ್ತಕ್ಕ ಹಚ್ಚಿ ಬೆಳಿಗ್ಗೆ ಆರಕ್ಕ ತಗದ್ರ 24 ಯುನಿಟ್ ಹತ್ರ ಒಳಗ ಹೋಗಿರ್ತೈತಿ, ಅಂದ್ರ 150 ಕಿಲೋಮೀಟರ್ ಓಡಾಟ. ದಿನಾ 50 ಓಡ್ಸೋರಿಗೆ ಇದು ಬೇಕಾದಷ್ಟಾತು. ದಿನಾ ಗದಗ-ಹುಬ್ಬಳ್ಳಿ ಮಾಡೋರು, ದೊಡ್ಡ ಬ್ಯಾಟರಿ ಗಾಡಿ ತಗೊಂಡೋರು, ಮನ್ಯಾಗ ಎರಡು ಎಲೆಕ್ಟ್ರಿಕ್ ಗಾಡಿ ಇರೋರು, ಇವ್ರು 7.2ಕ್ಕ ಹೋಗ್ರಿ. 7.2 ಅಂದ್ರ ಒಂದ ಫೇಸ್ ಮ್ಯಾಲೆ 32 ಆಂಪ್, ಸಾಮಾನ್ಯವಾಗಿ ಲೋಡ್ ಏರಿಸಿ ತ್ರೀ ಫೇಸ್ ಮಾಡಿಸ್ಬೇಕಾಗ್ತೈತಿ. ತ್ರೀ ಫೇಸ್ ಬಂದ ಮ್ಯಾಲೂ ಈ ಚಾರ್ಜರ್ ಕುಂದ್ರೋದು ಒಂದ ಫೇಸ್ ಮ್ಯಾಲೆ, ಹಂಗಾಗಿ ಗೀಜರ್ ಮತ್ತ ನೀರಿನ ಮೋಟರ್ ಬ್ಯಾರೇ ಫೇಸಿಗೆ ಹಾಕಿಸ್ರಿ.

ಲೋಡ್ ಏರ್ಸಾಕ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕಡಿಂದ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಹೋಗ್ಬೇಕು, ಡಿಪಾಸಿಟ್ ಕಟ್ಬೇಕು, ಸರ್ವಿಸ್ ವೈರ್ ಸಣ್ಣದಿದ್ರ ಬದಲಿ ಆಗ್ಬೇಕು, ಟ್ರಾನ್ಸ್‌ಫಾರ್ಮರ್ ಮ್ಯಾಲೆ ಲೋಡ್ ಜಾಸ್ತಿ ಇದ್ರ ಅದೂ ಒಂದು ಪ್ರಶ್ನೆ ಆಗ್ತೈತಿ. ಅದಕ್ಕ ಬುಕ್ ಮಾಡಿದ ವಾರನ ಅರ್ಜಿ ಹಾಕ್ರಿ. ಒಂದು ನೆನಪಿರ್ಲಿ, ಫಿಕ್ಸೆಡ್ ಚಾರ್ಜ್ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 140-150 ರೂಪಾಯಿ ಆಸುಪಾಸು, 3ರಿಂದ 8ಕ್ಕ ಏರಿಸಿದ್ರ ಗಾಡಿ ಓಡಿದ್ರೂ ಓಡದಿದ್ರೂ ತಿಂಗಳಿಗೆ 700ರ ಮ್ಯಾಲೆ ಹೆಚ್ಚು ಬರ್ತೈತಿ. ಸಾಕೆಟ್ ಸಾಕು ಅಂತ ನಾನು ಹೇಳೋದಕ್ಕ ಇದೂ ಒಂದು ಕಾರಣ.

ಸಾಕೆಟ್ ಅಂದ್ರ ಅಡಗಿಮನಿ ಸಾಕೆಟ್ ಅಲ್ರಿ ಮತ್ತ. ಮೀಟರ್ ಬೋರ್ಡಿನಿಂದ ನೇರ ಬ್ಯಾರೇ ಲೈನ್, 4 ಸ್ಕ್ವೇರ್ ಎಂಎಂ ತಾಮ್ರದ ವೈರ್ (7.2ಕ್ಕ 6 ಸ್ಕ್ವೇರ್ ಎಂಎಂ), ಅದಕ್ಕ ತನ್ನದ ಎಂಸಿಬಿ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಸ್ವಿಚ್ಚು), ತುದಿಗೆ ಇಂಡಸ್ಟ್ರಿಯಲ್ ಸಾಕೆಟ್. ಗ್ವಾಡಿ ಮ್ಯಾಲಿನ ಬಿಳಿ ಪ್ಲೇಟಿನ ಸಾಕೆಟ್ ಒಂದು ತಾಸು ಇಸ್ತ್ರಿಪೆಟ್ಟಿಗೆ ನಡೀತೈತಿ, ಎಂಟು ತಾಸು ಕಾರಿಗೆ ತಡಿಯಂಗಿಲ್ಲ, ಮೊದಲ ಪಿನ್ ಸುತ್ತ ಹಳದಿ ಆಗ್ತೈತಿ, ಆಮ್ಯಾಲೆ ಕಂದು, ಸುಟ್ಟ ಪ್ಲಾಸ್ಟಿಕ್ ವಾಸನಿ ಬರೂ ಹೊತ್ತಿಗೆ ಒಳಗ ಸ್ಕ್ರೂ ಸಡಲಾಗಿ ವೈರ್ ಕರ್ರಗಾಗಿರ್ತೈತಿ. ಹೊಸಾ ಲೈನ್ ಹಾಕಿದ ಮ್ಯಾಲೂ ಮೊದಲ ವಾರ ಚಾರ್ಜಿಂಗ್ ಒಂದು ತಾಸು ಆದಮ್ಯಾಲೆ ಪ್ಲಗ್ಗಿನ ಮ್ಯಾಲೆ ಅಂಗೈ ಇಟ್ಟು ನೋಡ್ರಿ, ಬೆಚ್ಚಗಿದ್ರ ಸರಿ, ಕೈ ಇಡಾಕ ಆಗದಷ್ಟು ಬಿಸಿ ಇದ್ರ ಬಂದ್ ಮಾಡಿ ಎಲೆಕ್ಟ್ರಿಷಿಯನ್ನ ಕರೀರಿ. ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಯಾವತ್ತೂ ಬ್ಯಾಡ. ಮನ್ಯಾಗ ಇನ್ವರ್ಟರ್ ಇದ್ರ ಕಾರಿನ ಲೈನ್ ಅದರ ಸರ್ಕೀಟಿನ್ಯಾಗ ಬರಬಾರ್ದು ಅಂತ ಎಲೆಕ್ಟ್ರಿಷಿಯನ್‌ಗೆ ಬಿಡಿಸಿ ಹೇಳ್ರಿ.

ಇನ್ನ ಅರ್ಥಿಂಗ್. ಇದರ ಬಗ್ಗೆ ಶೋರೂಮಿನವ್ರು ಒಂದು ಸಾಲು ಹೇಳಿ ಮುಗಿಸ್ತಾರ, ನಮ್ಮ ಭಾಗದಾಗ ಇದ ಹೆಚ್ಚು ತ್ರಾಸ ಕೊಡೋದು. ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರಿ ಮಣ್ಣು. ಮಳಿಗಾಲದಾಗ ಹಸಿ ಇದ್ದಾಗ ಅರ್ಥಿಂಗ್‌ಗೆ ಅದರಷ್ಟು ಚಲೋ ಮಣ್ಣಿಲ್ಲ, ಆದ್ರ ಮಾರ್ಚ್-ಏಪ್ರಿಲ್ ಬಂತಂದ್ರ ಒಣಗಿ ಬಿರುಕು ಬಿಡ್ತೈತಿ, ಅರ್ಥ್ ರಾಡಿನ ಸುತ್ತ ಮಣ್ಣು ದೂರ ಸರೀತೈತಿ. ಕಾರಿನ ಚಾರ್ಜರ್ ಅರ್ಥ್ ಸರಿ ಇಲ್ಲದಿದ್ರ ಶುರುನ ಆಗಂಗಿಲ್ಲ. ನಮ್ಮ ಓಣಿಯೊಳಗ ಒಬ್ರ ಮನ್ಯಾಗ ಡಿಸೆಂಬರ್ ಜನವರಿ ಚಲೋ ನಡದ ಚಾರ್ಜರ್ ಬ್ಯಾಸಿಗಿಯೊಳಗ ಕೆಂಪು ಲೈಟ್ ಹಾಕ್ಕೊಂಡು ನಿಂತ್ಬಿಡ್ತು, ಗಾಡಿದ್ದ ತಪ್ಪು ಅಂತ ಸರ್ವಿಸಿಗೆ ಒಯ್ಯೋ ತಯಾರಿ ನಡಿಸಿದ್ರು. ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರ್ ಇಟ್ಟು ನೋಡಿದ್ರ ನ್ಯೂಟ್ರಲ್-ಅರ್ಥ್ ನಡುವ ಇಪ್ಪತ್ತರ ಮ್ಯಾಲೆ ವೋಲ್ಟ್. ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ ಅರ್ಧ ತಾಸು ಬಿಟ್ರು, ಹಸಿರು ಲೈಟ್ ಬಂತು. ಆಮ್ಯಾಲೆ ಬ್ಯಾರೇ ಗುಂಡಿ ತೋಡಿಸಿ ಕೆಮಿಕಲ್ ಅರ್ಥಿಂಗ್ ಮಾಡಿಸಿದ್ರು, ಅಲ್ಲಿಗೆ ಮುಗೀತು.

ನೀವು ಮೊದಲ ಅದನ್ನ ಮಾಡಿಸ್ರಿ. ಕಾರಿಗೆ ಅಂತ ಪ್ರತ್ಯೇಕ ಅರ್ಥ್, ಗುಂಡಿ ಮ್ಯಾಲೆ ನೀರು ಹಾಕಾಕ ಪೈಪ್, ಮಲ್ಟಿಮೀಟರ್‌ನ್ಯಾಗ ನ್ಯೂಟ್ರಲ್-ಅರ್ಥ್ 2-3 ವೋಲ್ಟ್ ಒಳಗ ಇದ್ರ ಚಲೋ. ಧಾರವಾಡ ಕಡೆ ಕೆಂಪು ಮಸಾರಿ, ಅಲ್ಲಿ ಬಿರುಕಿನ ತ್ರಾಸ ಕಡಿಮಿ, ಆದ್ರ ಜಿಟಿಜಿಟಿ ಮಳಿ ಜಾಸ್ತಿ, ಸಾಕೆಟ್‌ಗೆ ನೀರು ತಾಗದಂಥ ಮುಚ್ಚಳ ಇರೋ ಬಾಕ್ಸ್ ಹಾಕಿಸ್ರಿ.

ಹಳ್ಳಿಯವ್ರಿಗೆ ಒಂದು ಮಾತು. ನಿರಂತರ ಜ್ಯೋತಿ ಯೋಜನೆ ಬಂದ ಮ್ಯಾಲೆ ಊರಿನ ಮನಿ ಲೈನ್ ಬ್ಯಾರೇ, ಹೊಲದ ಪಂಪ್‌ಸೆಟ್ ಲೈನ್ ಬ್ಯಾರೇ. ಪಂಪ್‌ಸೆಟ್ ಕರೆಂಟ್ ಫ್ರೀ ಐತಿ ಅಂತ ಬೋರಿನ ಹತ್ರ ಕಾರು ಹಚ್ಚೋ ವಿಚಾರ ತಲಿಗೆ ಬಂದ್ರ ಬಿಟ್ಬಿಡ್ರಿ. ಅದು ಮಂಜೂರಾತಿಗೆ ವಿರುದ್ಧದ ಬಳಕೆ, 2003ರ ವಿದ್ಯುತ್ ಕಾಯ್ದೆ ಸೆಕ್ಷನ್ 126ರ ಪ್ರಕಾರ ಎರಡು ಪಟ್ಟು ದರದಾಗ ವಸೂಲಿ ಆಗ್ತೈತಿ. ಮ್ಯಾಲೆ ಅಲ್ಲಿ ವೋಲ್ಟೇಜ್ ಏರಿಳಿತಕ್ಕ ಗಾಡಿ ಚಾರ್ಜರೂ ಹಾಳಾಗ್ತೈತಿ.

ಹೆಜ್ಜೆ 5: ಗೃಹಜ್ಯೋತಿ ಲೆಕ್ಕ

ಇದನ್ನ ಬಹಳ ಮಂದಿ ಮೊದಲನೇ ಬಿಲ್ ಬಂದಾಗ ತಿಳ್ಕೋತಾರ. 2023ರಿಂದ ಜೀರೋ ಬಿಲ್ ಬರೋ ಮನಿ ನಿಮ್ದಿದ್ರ, ತಿಂಗಳ ಬಳಕೆ 200 ಯುನಿಟ್ ದಾಟಿದ್ರ ಪೂರ್ತಿ ಬಿಲ್ ನೀವ ಕಟ್ಬೇಕು, ದಾಟಿದಷ್ಟಕ್ಕ ಮಾತ್ರ ಅಲ್ಲ. ತಿಂಗಳಿಗೆ 1,000 ಕಿಲೋಮೀಟರ್ ಓಡ್ಸಿದ್ರ, ಸಣ್ಣ ಗಾಡಿ ಯುನಿಟ್‌ಗೆ 7 ಕಿಲೋಮೀಟರ್ ಕೊಡ್ತೈತಿ ಅಂತ ಹಿಡಿದು, ಚಾರ್ಜಿಂಗ್‌ನ್ಯಾಗ ಬಿಸಿ ಆಗಿ ಹೋಗೋ 10-15 ಪರ್ಸೆಂಟ್ ಸೇರ್ಸಿದ್ರ ಮೀಟರ್ ಮ್ಯಾಲೆ 160 ಯುನಿಟ್ ಹತ್ರ ಏರ್ತೈತಿ. ಮನಿ ಬಳಕೆ 90 ಇದ್ರ ಒಟ್ಟು 250, ಜೀರೋ ಬಿಲ್ ಹೋತು.

ಹಂಗಂತ ಹೆದರೋದು ಬ್ಯಾಡ. ಯುನಿಟ್‌ಗೆ ತೆರಿಗೆ ಎಲ್ಲಾ ಕೂಡಿ 6-7 ರೂಪಾಯಿ ಹಿಡಿದ್ರೂ ಕಾರಿನ ಪಾಲು ತಿಂಗಳಿಗೆ 1,120 ದಾಟಂಗಿಲ್ಲ, ಮನಿ ಪಾಲು 600-700 ಹೊಸದಾಗಿ ಬೀಳ್ತೈತಿ. ಅಷ್ಟ ಓಡಾಟಕ್ಕ ಲೀಟರಿಗೆ 15 ಕೊಡೋ ಪೆಟ್ರೋಲ್ ಗಾಡಿಗೆ 66 ಲೀಟರ್ ಬೇಕು, ಲೀಟರಿಗೆ ನೂರು ಅಂತ ಹಿಡಿದ್ರೂ 6,600. ಫರಕ್ ನೀವ ನೋಡ್ರಿ. ಆದ್ರೂ ಜೀರೋ ಬಿಲ್ ಉಳಿಸ್ಕೋಬೇಕು ಅನ್ನೋರು ಕಾರಿಗೆ ಪ್ರತ್ಯೇಕ ಮೀಟರ್ ಕೇಳ್ಬಹುದು, ಇವಿ ಚಾರ್ಜಿಂಗ್‌ಗೆ ಎಲ್‌ಟಿ-6ಸಿ ಅಂತ ಬ್ಯಾರೇ ದರಪಟ್ಟಿ ಐತಿ. ಸೆಕ್ಷನ್ ಆಫೀಸಿನ್ಯಾಗ ಎಸ್‌ಓ (ಸೆಕ್ಷನ್ ಆಫೀಸರ್) ಅವ್ರನ್ನ ಭೇಟಿ ಆಗಿ, ಡಿಪಾಸಿಟ್, ವೈರಿಂಗ್ ಖರ್ಚು, ಫಿಕ್ಸೆಡ್ ಚಾರ್ಜ್ ಕೂಡಿಸಿ ತುಲನೆ ಮಾಡಿ ನಿರ್ಧಾರ ತಗೊಳ್ರಿ. ತಿಂಗಳಿಗೆ 500 ಕಿಲೋಮೀಟರ್ ಒಳಗ ಓಡ್ಸೋರು, ಮನಿ ಬಳಕೆ ಕಡಿಮಿ ಇರೋರು ಏನೂ ಮಾಡೋದು ಬ್ಯಾಡ, 200ರೊಳಗ ಉಳಿತೀರಿ, ಹಳೇ ಸರಾಸರಿ ಬಳಕೆ ನೋಡಿ ನಿಮ್ಮ ಮನಿಗೆ ಗೊತ್ತುಮಾಡಿರೋ ಫ್ರೀ ಯುನಿಟ್ ಮಿತಿ ದಾಟಿದಷ್ಟಕ್ಕ ಮಾತ್ರ ಕಟ್ಟಿದ್ರ ಆತು.

ಸ್ವಂತ ಮನಿ, ಮ್ಯಾಲೆ ಖಾಲಿ ಮಾಳಿಗಿ ಇದ್ದೋರು ಈ ಕಾಯೋ ಟೈಮಿನ್ಯಾಗ ಸೋಲಾರ್ ವಿಚಾರ ಮಾಡ್ರಿ. ಪಿಎಂ ಸೂರ್ಯಘರ್‌ನ್ಯಾಗ 3 ಕಿಲೋವ್ಯಾಟ್ ಹಾಕಿದ್ರ 78,000 ಸಬ್ಸಿಡಿ, ಇದು ಖಾತೆಗೆ ಬರೋ ಖರೆ ರೊಕ್ಕ. 3 ಕಿಲೋವ್ಯಾಟ್ ನಮ್ಮ ಬಿಸಿಲಿಗೆ ದಿನಕ್ಕ ಸರಾಸರಿ 12 ಯುನಿಟ್ ಕೊಡ್ತೈತಿ, ತಿಂಗಳಿಗೆ 350 ಹತ್ರ. ಗಾಡಿ ಹಗಲೊತ್ತು ಆಫೀಸಿನ್ಯಾಗ ಇದ್ರೂ ನೆಟ್ ಮೀಟರ್ ಇರೋದ್ರಿಂದ ಹಗಲಿನ ಕರೆಂಟ್ ಹೆಸ್ಕಾಂಗೆ ಕೊಟ್ಟು ರಾತ್ರಿ ತಗೊಂಡಂಗ ಲೆಕ್ಕ ಆಗ್ತೈತಿ.

ಹೆಜ್ಜೆ 6: ಹೊರಗಿನ ಚಾರ್ಜರ್ ಈಗಲೇ ಹೋಗಿ ನೋಡ್ರಿ

ಮೊಬೈಲಿನ್ಯಾಗ ಪ್ಲಗ್‌ಶೇರ್, ಟಾಟಾ ಪವರ್ ಇಝೀ ಚಾರ್ಜ್, ಬೆಸ್ಕಾಂನ ಇವಿ ಮಿತ್ರ ಹಾಕ್ಕೊಳ್ರಿ. ಮ್ಯಾಪಿನ್ಯಾಗ ಹಸಿರು ಚುಕ್ಕಿ ಕಂಡ ಕೂಡ್ಲೇ ಖುಷಿ ಆಗಬ್ಯಾಡ್ರಿ, ಮೂರು ವಿಷಯ ನೋಡ್ರಿ. ಗನ್ (ಗಾಡಿಗೆ ಚುಚ್ಚೋ ಪ್ಲಗ್ಗು) ಸಿಸಿಎಸ್-2 ಹೌದೋ ಅಲ್ಲೋ, ಹಳೇ ಭಾರತ್ ಡಿಸಿ-001 ಇದ್ರ ಇವತ್ತಿನ ಕಾರಿಗೆ ಕೂಡಂಗಿಲ್ಲ. ಎಷ್ಟು ಕಿಲೋವ್ಯಾಟ್, ಮತ್ತ 60 ಅಂತ ಬರ್ದಿರೋದು ಎರಡು ಗನ್ನಿಗೆ ಹಂಚಿ 30-30 ಆಗ್ತೈತೋ. ಕೊನೇ ಸಲ ಯಾರು ಯಾವಾಗ ಯಶಸ್ವಿಯಾಗಿ ಚಾರ್ಜ್ ಮಾಡ್ಯಾರ, ಹೋದ ವಾರದ ಕಮೆಂಟ್ ಇದ್ರ ನಂಬ್ರಿ, ಆರು ತಿಂಗಳ ಹಿಂದಿಂದ ಇದ್ರ ನಂಬಬ್ಯಾಡ್ರಿ. ರವಿವಾರ ಪುರಸೊತ್ತು ಮಾಡ್ಕೊಂಡು ನಿಮ್ಮ ಊರಿಂದ ಮೂರು ದಿಕ್ಕಿಗೆ ಒಂದೊಂದು ಚಾರ್ಜರ್ ಕಣ್ಣಾರೆ ನೋಡಿ ಬರ್ರಿ. ರಾತ್ರಿ ಲೈಟ್ ಇರ್ತೈತೇನು, ಹೆಣ್ಮಕ್ಕಳು ಒಬ್ರ ಕುಂದ್ರೋ ಜಾಗ ಹೌದೇನು, ಸಂಡಾಸ ಐತೇನು, ಪೆಟ್ರೋಲ್ ಗಾಡಿ ಅಡ್ಡ ನಿಲ್ಸಿರ್ತಾರೇನು. ಇದನ್ನ ಯಾವ ಆ್ಯಪೂ ಹೇಳಂಗಿಲ್ಲ.

ಹೈವೇ 48 ಮ್ಯಾಲೆ ಬೆಂಗಳೂರಿಗೆ ಹೋಗೋದು ಇವತ್ತು ಕಷ್ಟ ಅಲ್ಲ. ಹುಬ್ಬಳ್ಳಿಯಿಂದ 410 ಕಿಲೋಮೀಟರ್ ಆಸುಪಾಸು, ಚಿತ್ರದುರ್ಗ ಸರಿಸುಮಾರು ನಟ್ಟನಡುವ, ಊಟಕ್ಕ ಅಲ್ಲೆ ನಿಲ್ಲೋ ಲೆಕ್ಕ ಹಾಕ್ಕೊಳ್ರಿ, ಸಣ್ಣ ಬ್ಯಾಟರಿಯವ್ರು ದಾವಣಗೆರೆಯೊಳಗೊಮ್ಮೆ, ತುಮಕೂರು ಮೊದಲೊಮ್ಮೆ. ಗದಗ ದಾಟಿ ಕೊಪ್ಪಳ, ಹೊಸಪೇಟೆ ಕಡೆ ಹೋಗೋ ಹೈವೇ 67ರಾಗ 48ರಷ್ಟು ಚಾರ್ಜರ್ ಸಿಗಂಗಿಲ್ಲ, ಗದಗಿನ್ಯಾಗ ತುಂಬಿಸ್ಕೊಂಡ ಮುಂದ ಹೋಗ್ರಿ.

ಅಂಕೋಲಾ ಕಡೆ ಸಮುದ್ರಕ್ಕ ಹೋಗೋರು ಇದನ್ನ ನೆನಪಿಡ್ರಿ: ಹೋಗೋವಾಗ ಅರಬೈಲ್ ಘಾಟಿನ್ಯಾಗ ಇಳಿಯೋದ್ರಿಂದ ಚಾರ್ಜ್ ಕಡಿಮಿ ಖರ್ಚಾಗ್ತೈತಿ, ಅದನ್ನ ನೋಡಿ ವಾಪಸ್ ಬರೋ ಲೆಕ್ಕ ಹಾಕಬಾರ್ದು. ಹುಬ್ಬಳ್ಳಿ ಸಮುದ್ರಕ್ಕಿಂತ 600 ಮೀಟರ್ ಮ್ಯಾಲೆ ಐತಿ. ಮಂದಿ ಸೇರಿ 1,900 ಕಿಲೋ ತೂಕದ ಗಾಡಿ ಅಷ್ಟೆತ್ತರ ಏರಾಕ ಬರೇ ಏರಿಗಂತ 3 ಯುನಿಟ್ ಮ್ಯಾಲೆ ತಿಂತೈತಿ, ಅಂದ್ರ ಸಪಾಟ ರಸ್ತೆಯೊಳಗ 20 ಕಿಲೋಮೀಟರ್ ಓಡೋ ಅಷ್ಟು. ಘಾಟ್ ಹತ್ತೋ ಮೊದಲ ತುಂಬಿಸ್ಕೊಳ್ರಿ.

ಪಬ್ಲಿಕ್ ಡಿಸಿ ಚಾರ್ಜರ್‌ನ್ಯಾಗ ಜಿಎಸ್‌ಟಿ 18 ಪರ್ಸೆಂಟ್ ಕೂಡಿ ಯುನಿಟ್‌ಗೆ 20-25 ರೂಪಾಯಿ ಬೀಳ್ತೈತಿ, ಮನಿಗಿಂತ ಮೂರು ಪಟ್ಟು. ಊರಾಗ ದಿನಾ ಬಳಸೋದಕ್ಕಲ್ಲ, ದೂರದ ಪ್ರಯಾಣಕ್ಕ ಅಷ್ಟ.

ಹೆಜ್ಜೆ 7: "ಗಾಡಿ ಬಂದೈತ್ರಿ" ಅಂತ ಫೋನ್ ಬಂದಾಗ

ಖಂಡೇನವಮಿಗೆ, ದೀಪಾವಳಿ ಪಾಡ್ಯಕ್ಕ ಡೆಲಿವರಿ ಬೇಕು ಅಂತ ಎಲ್ಲಾರೂ ಹಟ ಹಿಡೀತಾರ, ಆವತ್ತು ಶೋರೂಮಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ಗಾಡಿ ನೋಡಾಕ ಹತ್ತು ನಿಮಿಷನೂ ಸಿಗಂಗಿಲ್ಲ. ಪೂಜೆ ಹಬ್ಬದ ದಿನನ ಮಾಡ್ರಿ, ಗಾಡಿ ತಪಾಸಣೆ ಮಾತ್ರ ಎರಡು ದಿನ ಮೊದಲ, ಹಗಲು ಬೆಳಕಿನ್ಯಾಗ, ರಿಜಿಸ್ಟ್ರೇಶನ್ ಆಗೋಕಿಂತ ಮೊದಲ ಮುಗಿಸ್ರಿ. ಉಳಿದ ರೊಕ್ಕ ಅದಾದ ಮ್ಯಾಲೆ ಕಟ್ರಿ.

ಫಾರ್ಮ್ 21ರಾಗ (ಗಾಡಿ ಮಾರಿದ ಸರ್ಟಿಫಿಕೇಟ್) ಗಾಡಿ ತಯಾರಾದ ತಿಂಗಳು, ವರ್ಷ ಇರ್ತೈತಿ, ಚಾಸಿಸ್ ನಂಬರ್ ಗಾಡಿ ಮ್ಯಾಲಿಂದಕ್ಕ ತಾಳೆ ಮಾಡ್ರಿ. ಯಾರ್ಡಿನ್ಯಾಗ ತಿಂಗಳುಗಟ್ಟಲೆ ನಿಂತ ಗಾಡಿ ಇದ್ರ 12 ವೋಲ್ಟಿನ ಸಣ್ಣ ಬ್ಯಾಟರಿ ಸೊರಗಿರ್ತೈತಿ, ಟೈರ್ ಒಂದ ಕಡೆ ಚಪ್ಪಟೆ ಆಗಿರ್ತಾವ. ಎಸಿ ಗನ್ ಒಮ್ಮೆ, ಡಿಸಿ ಗನ್ ಒಮ್ಮೆ ನಿಮ್ಮ ಕಣ್ಣ ಮುಂದ ಹಚ್ಚಿಸಿ ಚಾರ್ಜ್ ಏರೋದನ್ನ ನೋಡ್ರಿ, ಇದಕ್ಕ ಮಾತ್ರ ಒಪ್ಪದಿದ್ರ ಡೆಲಿವರಿ ತಗೋಬ್ಯಾಡ್ರಿ. ಪೋರ್ಟಬಲ್ ಚಾರ್ಜರ್, ಎರಡೂ ಕೀ, ವಾಲ್‌ಬಾಕ್ಸ್ ರೇಟಿನ್ಯಾಗ ಸೇರಿದ್ರ ಅದರ ಕಾಗದ, ಎಲ್ಲಾ ಎಣಿಸಿ ತಗೊಳ್ರಿ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ಇರ್ತೈತಿ, ಕೆಲವು ಕಂಪನಿ ಅದಕ್ಕಿಂತ ಹೆಚ್ಚು ಕೊಡ್ತಾವ, ಆದ್ರ ಎರಡನೇ ಮಾಲಕರಿಗೆ ಎಷ್ಟು ಉಳಿತೈತಿ ಅನ್ನೋದನ್ನ ಓದ್ರಿ, ಮಾರೋ ದಿನ ಅದ ರೇಟ್ ನಿರ್ಧಾರ ಮಾಡ್ತೈತಿ.

ಇನ್ಶೂರೆನ್ಸ್ ಶೋರೂಮಿನ್ಯಾಗನ ತಗೋಬೇಕು ಅಂತ ಕಾನೂನಿಲ್ಲ. ಹೊರಗೆ ಎರಡು ಕಡೆ ಕೊಟೇಶನ್ ತಗೊಂಡು ತೋರಿಸ್ರಿ, ಅವ್ರ ಇಳಸ್ತಾರ. ಜೀರೋ ಡೆಪ್ (ಬಿಡಿಭಾಗ ಹಳೇದಾತು ಅಂತ ಕ್ಲೇಮಿನ್ಯಾಗ ರೊಕ್ಕ ಕಡಿಯದ ಕವರ್) ಜೊತಿಗೆ ಬ್ಯಾಟರಿ ಮತ್ತ ಚಾರ್ಜರ್‌ಗೆ ನೀರು, ಶಾರ್ಟ್ ಸರ್ಕೀಟ್ ಕವರ್ ಇರೋ ಪಾಲಿಸಿನ ಬೇಕು, ಬ್ಯಾಟರಿ ಅಂದ್ರ ಗಾಡಿ ಬೆಲಿಯೊಳಗ ದೊಡ್ಡ ಪಾಲು.

ಹೆಜ್ಜೆ 8: ಕೈಗೆ ಬಂದ ಮ್ಯಾಲಿನ ಮೊದಲ ತಿಂಗಳು

ಹುಬ್ಬಳ್ಳಿಯವ್ರಿಗೆ ಕೆಎ-63, ಧಾರವಾಡಕ್ಕ 25, ಗದಗಿಗೆ 26, ಹಾವೇರಿಗೆ 27, ರಾಣೆಬೆನ್ನೂರಿಗೆ 68, ಹಸಿರು ಪ್ಲೇಟ್ ಮ್ಯಾಲೆ ಬಿಳಿ ಅಕ್ಷರ. ಸಿದ್ಧಾರೂಢ ಮಠಕ್ಕೋ ನುಗ್ಗಿಕೇರಿ ಹನಮಪ್ಪನ ಗುಡಿಗೋ ಹೋಗಿ ಪೂಜೆ ಮಾಡಿಸ್ಕೊಂಡು ಬರ್ರಿ, ಕಾಯಿ ಒಡಿಯೋವಾಗ ಚಾರ್ಜಿಂಗ್ ಮುಚ್ಚಳದ ಕಡೆ ನೀರು, ಕುಂಕುಮ ಹೋಗದಂಗ ನೋಡ್ರಿ.

ಮೊದಲನೇ ವಾರ ಊರಾಗಷ್ಟ ಓಡ್ಸಿ ನಿಮ್ಮ ಕಾಲಿಗೆ ಯುನಿಟ್‌ಗೆ ಎಷ್ಟು ಕಿಲೋಮೀಟರ್ ಬರ್ತೈತಿ ಅಂತ ತಿಳ್ಕೊಳ್ರಿ. ಬ್ಯಾಟರಿಯೊಳಗ ಎಲ್‌ಎಫ್‌ಪಿ, ಎನ್‌ಎಂಸಿ ಅಂತ ಎರಡು ಜಾತಿ. ಎಲ್‌ಎಫ್‌ಪಿ ಇದ್ರ ಮ್ಯಾನುಯಲ್ ಹೇಳಿದಂಗ ಆಗಾಗ 100 ತನಕ ತುಂಬಿಸ್ರಿ, ಇಲ್ಲಾಂದ್ರ ಪರ್ಸೆಂಟ್ ತೋರಿಸೋದು ಹಾದಿ ತಪ್ತೈತಿ. ಎನ್‌ಎಂಸಿ ಇದ್ರ ದಿನಾ 80ಕ್ಕ ನಿಲ್ಲಿಸಿ, ದೂರ ಹೋಗೋ ಹಿಂದಿನ ರಾತ್ರಿ ಮಾತ್ರ 100 ಮಾಡ್ರಿ.

ತಿಂಗಳು ತುಂಬಿದಾಗ ಹೆಸ್ಕಾಂ ಬಿಲ್ಲಿನ ಯುನಿಟ್ಟು, ಗಾಡಿ ಸ್ಕ್ರೀನಿನ ಯುನಿಟ್ಟು ಪಕ್ಕಪಕ್ಕ ಇಟ್ಟು ನೋಡ್ರಿ. 10-15 ಪರ್ಸೆಂಟ್ ಫರಕ್ ಸಹಜ, ಅದಕ್ಕಿಂತ ಭಾಳ ಇದ್ರ ಎಲ್ಲೋ ಜೋಡಣಿ ಸಡಲ್ ಐತಿ, ಇಲ್ಲಾ ವೈರ್ ಸಣ್ಣದಾಗೈತಿ, ಚೆಕ್ ಮಾಡಿಸ್ರಿ. ಹೊಸಾ ಲೋಡ್ ಬಿಲ್ಲಿನ್ಯಾಗ ಸರಿಯಾಗಿ ಏರೈತೇನು ಅದನ್ನೂ ನೋಡ್ರಿ, ಏರಿಲ್ಲಾಂದ್ರ 1912ಕ್ಕ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಳ್ರಿ. ಗಾಡಿ 10 ಲಕ್ಷ ದಾಟಿದ್ರ ಬಿಲ್ಲಿನ್ಯಾಗ 1 ಪರ್ಸೆಂಟ್ ಟಿಸಿಎಸ್ (ಮಾರೋರು ಮೊದಲ ವಸೂಲಿ ಮಾಡೋ ಇನ್‌ಕಮ್ ಟ್ಯಾಕ್ಸ್) ಅಂತ ಹಿಡಿದಿರ್ತಾರ, ಅದು ನಿಮ್ಮ ಪ್ಯಾನ್ ನಂಬರ್ ಮ್ಯಾಲೆ ಜಮಾ ಆಗಿರ್ತೈತಿ, ರಿಟರ್ನ್ ಹಾಕೋವಾಗ ಸಿಎ ಅವ್ರಿಗೆ ಕಾರಿನ ಇನ್ವಾಯ್ಸ್ ಕೊಟ್ಟು ಅದನ್ನ ಟ್ಯಾಕ್ಸಿನ್ಯಾಗ ಕಡಿತ ಮಾಡಿಸ್ಕೊಳ್ರಿ.